ನಡುಗಡ್ಡೆಯ ಕಲ್ಲನ್ನು ನೋಡಿ ಬಂದವಳು

ಅವಳ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ತೋರುಬೆರಳಿನಲ್ಲೂ ಇರಲಿಲ್ಲ. ನೂಲು ಹೊಸೆದು ಹೊಸೆದು ಆ ಎರಡು ಬೆರಳುಗಳ ತುದಿಗಳು ಹುಣಿಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನು ಪ್ರತಿ ಸಲವೂ ಅವಳ ಮೇಲೆ ರೇಗುತ್ತಿದ್ದ. ಕಾಗದದ ಮೇಲೆ ಮೂಡುತ್ತಿದ್ದದ್ದು ಬರೀ ಮಸಿಯ ಬೊಟ್ಟು.

“ಸರಿಯಾಗಿ ಒತ್ತಮ್ಮ.”

“ನನ್ನ ಬೆರಳಲ್ಲಿ ಇರೋದೇ ಅಷ್ಟು. ಗೆರೆ ಎಲ್ಲಿಂದ ತರ್ಲಿ, ನಿಂದು ಕೊಡು ಅಂಟಿಸ್ಕೋತೀನಿ.”

ಅವಳ ಕೆಲಸ ಅಚ್ಚು ಕೆಚ್ಚುವುದು. ದೊಡ್ಡಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಮಗ್ಗದ ಮೇಲಿನ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳು, ಮುಗಿಯುತ್ತಾ ಬಂದಾಗ ಹೊಸ ಹಾಸನ್ನು ತಂದು, ಹಳೆಯದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಬೆರಳಲ್ಲೇ ಹೊಸೆದು ಸೇರಿಸಬೇಕು. ಬೆರಳು ಜಾರದಿರಲಿ ಅಂತ ಬೂದಿ ಮುಟ್ಟಿಕೊಳ್ಳಬೇಕು. ಸಾವಿರಾರು ಎಳೆ. ಒಂದು ಬಿಟ್ಟರೂ ಸೀರೆಯಲ್ಲಿ ಉದ್ದಕ್ಕೂ ಗೆರೆ ಬೀಳುತ್ತದೆ. ಇವಳು ಕೂತರೆ ಏಳುತ್ತಿರಲಿಲ್ಲ. ಮಧ್ಯೆ ಕಾಫಿ ಕೊಟ್ಟರೆ ಬೂದಿ ಕೈಯಲ್ಲೇ ಲೋಟ ಹಿಡಿದು ಕುಡಿಯುತ್ತಿದ್ದಳು, ಕಣ್ಣು ಮಾತ್ರ ಎಳೆಯ ಮೇಲೆಯೇ.

ಅವಳಿಗೂ ಒಂದು ಹೆಸರಿತ್ತು. ಬೀದಿಯಲ್ಲಿ ಯಾರೂ ಅದನ್ನು ಕರೆಯುತ್ತಿರಲಿಲ್ಲ. ಎಲ್ಲರಿಗೂ ಕೆಚ್ಚೋ ಅಕ್ಕ, ನನಗೆ ಬರೀ ಅಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಎಳ್ಳಿನ ಕಡ್ಡಿಯ ಹಾಗೆ ಒಣಗಿದ ಮೈ. ವರ್ಗವಾಗಿ ಊರು ಬಿಟ್ಟು ಹೋಗುತ್ತಿದ್ದ ಒಬ್ಬ ನರ್ಸಮ್ಮನ ಹತ್ತಿರ ಲೇಡೀಸ್ ಸೈಕಲ್ ತೆಗೆದುಕೊಂಡಿದ್ದಳು. ನಮ್ಮ ಊರಿನಲ್ಲಿ ಆಗ ಹೈಸ್ಕೂಲಿನ ಹುಡುಗಿಯರು ಸೈಕಲ್ ಹೊಡೆಯುತ್ತಿದ್ದರು, ಸೀರೆ ಉಟ್ಟ ಹೆಂಗಸರು ಹೊಡೆಯುತ್ತಿರಲಿಲ್ಲ. ಇವಳು ಹೊಡೆದಳು. ಮುಂದಿನ ಬುಟ್ಟಿಯಲ್ಲಿ ಬೂದಿಯ ಡಬ್ಬಿ, ಸಣ್ಣ ಕತ್ತರಿ, ಎಲೆಅಡಿಕೆ ಚೀಲ. ಮೊದಮೊದಲು ಜನ ನಕ್ಕರು, ಆಮೇಲೆ ಬೆಲ್ ಕೇಳಿದರೆ ದಾರಿ ಬಿಟ್ಟರು.

ಯಾರು ಏನು ಹೇಳಿದರೂ ಅವಳು ಅನ್ನುತ್ತಿದ್ದದ್ದು ಒಂದೇ: “ಆಗ್ಲಿ, ಮುಂದೆ?” ಮನೆಗೆ ಬೆಂಕಿ ಬಿತ್ತು ಅಂದರೂ ಅದೇ, ಮಗು ಹುಟ್ಟಿತು ಅಂದರೂ ಅದೇ. ಕೇಳುವವರಿಗೆ ಸಿಟ್ಟು ಬರುತ್ತಿತ್ತು. ನನಗೆ ಅದು ಹಿಡಿಸಿತ್ತು. ಅಯ್ಯೋ ಪಾಪ ಅನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೆ.

ಯಾಕೆಂದರೆ ಆಗ ನನ್ನ ಗಂಡ ತೀರಿಕೊಂಡು ಹೆಚ್ಚು ಕಾಲ ಆಗಿರಲಿಲ್ಲ. ಒಬ್ಬಳೇ ಮಗಳನ್ನು ಹಿಂದೂಪುರಕ್ಕೆ ಕೊಟ್ಟಿದ್ದೆ. ಮನೆಯಲ್ಲಿ ನಾನು ಮತ್ತು ಎರಡು ಪವರ್‌ಲೂಮು. ಗಂಡ ಸತ್ತವಳ ಮನೆಗೆ ಸುಮ್ಮನೆ ಬಂದು ಕೂರುವುದಕ್ಕೆ ಜನಕ್ಕೆ ಪುರುಸೊತ್ತಿರುವುದಿಲ್ಲ, ಕೆಲಸವಿದ್ದರೆ ಬರುತ್ತಾರೆ. ಅಕ್ಕನೂ ಬರುತ್ತಿದ್ದದ್ದು ಕೆಲಸಕ್ಕೇ. ಆದರೆ ಕೆಲಸ ಮುಗಿದ ಮೇಲೂ ಕೂತಿರುತ್ತಿದ್ದಳು. ಅಷ್ಟು ಸಾಕಾಗಿತ್ತು.

ಮಗ್ಗದ ಮನೆಯವರ ಮಾತು ಬೇರೆ ಥರ. ಹಗಲೆಲ್ಲ ಆ ಸದ್ದಿನಲ್ಲಿ ಬದುಕಿದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳುತ್ತದೆ. ಮಗ್ಗ ಓಡುತ್ತಿರುವಾಗಲಂತೂ ಬಾಯಿ ಉಪಯೋಗಕ್ಕಿಲ್ಲ, ಎಲ್ಲಾ ಕೈಸನ್ನೆ. ಲೋಟದ ಹಾಗೆ ಮುಷ್ಟಿ ಮಾಡಿದರೆ ಕಾಫಿ. ಹೆಗಲ ಮೇಲೆ ಎರಡು ಬೆರಳಿಟ್ಟರೆ ಸಾಹುಕಾರ ಬಂದ. ಮೊಣಕೈ ಮಡಿಸಿ, ಅಂಗೈ ಬಿಚ್ಚಿ ಮೇಲಕ್ಕೆತ್ತಿದರೆ ‘ಎಳೆ ಹರಿದಿದೆ, ಮೋಟರ್ ಆರಿಸು’. ಅಷ್ಟನ್ನು ನಮ್ಮ ಮಕ್ಕಳು ಮಾತು ಕಲಿಯುವ ಮೊದಲೇ ಕಲಿಯುತ್ತಾರೆ.

ಅಕ್ಕನ ಗಂಡನ ವಿಷಯ ಬೀದಿಗೆಲ್ಲ ಗೊತ್ತಿತ್ತು. ಮದುವೆಯಾಗಿ ಕೆಲವು ವರ್ಷಕ್ಕೆ, ಮಕ್ಕಳಾಗುವ ಮೊದಲೇ, ರೇಷ್ಮೆ ನೇಯುತ್ತೇನೆ ಅಂತ ಧರ್ಮಾವರಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಕಟ್ಟಿದ. ಜಗಳವಾಗಿರಲಿಲ್ಲ. ಹೊಡೆದಿರಲಿಲ್ಲ, ಬೈದಿರಲಿಲ್ಲ. ಬೆಳಿಗ್ಗೆ ರೊಟ್ಟಿ ತಿಂದು, ಎರಡನೇ ಸಲ ಚಟ್ನಿ ಹಾಕಿಸಿಕೊಂಡು, ಮುಂದಿನ ವಾರ ಬರುತ್ತೇನೆ ಅಂತ ಹೋದ. ಇವಳು ಅಣ್ಣನ ಮನೆಯ ಪಕ್ಕದ ಕೋಣೆಗೆ ಬಂದಳು. ಕೋಣೆಗೆ ಬೀದಿಯ ಕಡೆ ಒಂದು ಬಾಗಿಲು, ಅಣ್ಣನ ನಡುಮನೆಯ ಕಡೆ ಒಂದು ಬಾಗಿಲು. ಹೀಗೇ ಇಪ್ಪತ್ತು ವರ್ಷದ ಹತ್ತಿರ ಕಳೆದಿತ್ತು.

ಊರಿಗೆ ಎಸ್‌ಟಿಡಿ ಬೂತುಗಳು ಹೊಸದಾಗಿ ಬಂದಿದ್ದ ಕಾಲ. ಒಂದು ದಿನ ಆ ಗಂಡನ ಕಡೆಯವರಿಂದ ಅವಳ ಅಣ್ಣನಿಗೆ ಬೂತಿಗೆ ಫೋನು ಬಂತು. ಧರ್ಮಾವರದಲ್ಲಿ ಆ ಮನುಷ್ಯನಿಗೆ ಲಕ್ವ ಹೊಡೆದಿದೆ, ಒಂದು ಕಡೆ ಬಿದ್ದುಹೋಗಿದೆ, ಎರಡನೆಯವಳು ಸತ್ತು ವರ್ಷವಾಗಿದೆ, ಮಗ ಇನ್ನೂ ಸ್ಕೂಲಿನಲ್ಲಿದ್ದಾನೆ, ಮೊದಲನೆಯವಳನ್ನು ಕಳಿಸಿಕೊಡಿ. ಭಾನುವಾರ ಸಾಯಂಕಾಲ ಮತ್ತೆ ಫೋನು ಮಾಡುತ್ತಾರೆ, ಅಷ್ಟರಲ್ಲಿ ಹೂಂ ಅಥವಾ ಊಹೂಂ ಹೇಳಬೇಕು.

ಅಣ್ಣನಿಗೆ ಕಳಿಸುವ ಮನಸ್ಸಿತ್ತು. ಆ ಕೋಣೆ ಖಾಲಿಯಾದರೆ ಇನ್ನೊಂದು ಮಗ್ಗ ಹಾಕಬಹುದಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಒರಟನಲ್ಲ ಅವನು. ಅವನು ಹೇಳಿದ್ದು ಬೇರೆ.

“ನಮ್ಮ ವಂಶದೋಳು ಒಬ್ಳು ಹಿಂದೆ ಗಂಡನ ಚಿತೆ ಹತ್ತಿದೋಳು. ಘಾಟಿ ದಾರಿಲಿ ಕೆರೆ ಮಧ್ಯ ನಡುಗಡ್ಡೆ ಐತಲ್ಲ, ಅಲ್ಲಿ ಇವತ್ತಿಗೂ ಕಲ್ಲಾಗಿ ನಿಂತವ್ಳೆ. ಹೋಗಿ ಅವಳ ಮುಖ ನೋಡ್ಕೊಂಡ್ ಬಾ. ಆಮೇಲೆ ನನ್ನ ಮುಂದೆ ನಿಂತು ಹೋಗಲ್ಲ ಅನ್ನು.”

ಇದನ್ನು ಅವಳು ನನಗೆ ಹೇಳಿದ್ದು ಹಾಸಿನ ಆಚೆ ಬದಿಯಲ್ಲಿ ಕೂತು, ಬೆರಳು ನಿಲ್ಲಿಸದೆ.

“ನೀನೇನಂದೆ?”

“ಆಗ್ಲಿ, ಮುಂದೆ ಅಂದೆ.”

“ಹೋಗ್ಬೇಡ” ಅಂದೆ ನಾನು. “ನೀನು ಹೋದ್ರೆ ನನ್ನ ಅಚ್ಚು ಯಾರು ಕೆಚ್ತಾರೆ?”

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನನಗೆ ಬೇರೆ ರೀತಿ ಹೇಳಲು ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

“ಶುಕ್ರವಾರ ಕರೆಂಟ್ ಇರಲ್ಲ. ಕಲ್ಲು ನೋಡ್ಬರೋಣ, ಬಾ” ಅಂದಳು.

ಆ ಬೇಸಿಗೆಯಲ್ಲಿ ವಾರಕ್ಕೊಂದು ದಿನ ಹಗಲೆಲ್ಲ ಕರೆಂಟು ತೆಗೆಯುತ್ತಿದ್ದರು. ಬೇರೆ ಊರಿಗೆ ಅದು ರಜೆಯ ಹಾಗಿರಬಹುದು. ನಮ್ಮ ಊರಿಗೆ ಹೆಣದ ಮನೆಯ ಹಾಗೆ. ಮಗ್ಗವೆಲ್ಲ ನಿಂತರೆ ಕಾಗೆ ಕೂಗಿದ್ದು ಕೇಳುತ್ತದೆ, ಪಕ್ಕದ ಮನೆಯವರು ಕೆಮ್ಮಿದ್ದು ಕೇಳುತ್ತದೆ. ಗಂಡ ಹೋದ ಮೇಲೆ ನನಗೆ ಆ ದಿನಗಳನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೇ ಸೈಕಲ್ಲಿನ ಕ್ಯಾರಿಯರ್ ಹತ್ತಿ ಕೂತೆ. ರೊಟ್ಟಿ, ಹುಚ್ಚೆಳ್ಳು ಪುಡಿ, ಒಂದು ಬಾಟಲು ಮಜ್ಜಿಗೆ ನನ್ನ ಮಡಿಲಲ್ಲಿ.

ಬೆಳಿಗ್ಗೆ ಬೇಗ ಹೊರಡೋಣ ಅಂದುಕೊಂಡಿದ್ದರೂ, ಯಾರದೋ ಮನೆಯ ಅಚ್ಚು ಅರ್ಧ ಉಳಿದಿತ್ತು ಅಂತ ಅವಳು ಮುಗಿಸಿ ಬರುವಷ್ಟರಲ್ಲಿ ಬಿಸಿಲು ಏರಿತ್ತು. ರೈಲ್ವೆ ಗೇಟು ದಾಟಿದ ಮೇಲೆ ಟಾರು ಮೆತ್ತಗಾಗಿ ಟಯರಿಗೆ ಅಂಟಿ ಚರಚರ ಅನ್ನುತ್ತಿತ್ತು. ಎರಡು ಕಡೆಯೂ ನೀಲಗಿರಿ. ಆ ಮರಕ್ಕೆ ಉದ್ದವಿದೆ, ನೆರಳಿಲ್ಲ. ಮುಂದೆ ಅವಳ ಬೆನ್ನು ಒದ್ದೆಯಾಗಿ ರವಿಕೆ ಅಂಟಿಕೊಂಡಿತ್ತು.

“ಏನ್ ತಿಂತೀಯೇ ನೀನು? ಮಗ್ಗದ ಕಬ್ಣ ತಿಂತೀಯಾ?”

“ತುಳಿಯಕ್ಕಾಗ್ದಿದ್ರೆ ಇಳೀತೀನಿ.”

“ಕೂತ್ಕೊಳೇ. ಇಳಿದ್ರೆ ಮತ್ತೆ ಹತ್ತಿಸೋಕೆ ಇಬ್ರು ಬೇಕು.”

ಎದುರಿಂದ ಬಂದ ಟ್ರ್ಯಾಕ್ಟರಿನ ಮೇಲಿದ್ದವನೊಬ್ಬ, “ಏನ್ರಮ್ಮಾ, ಡಬಲ್ಸಾ? ಟಯರ್ ಢಂ ಅನ್ನುತ್ತೆ!” ಅಂತ ಕೂಗಿದ.

“ಅಂದ್ರೆ ನಿಮ್ಮಪ್ಪನ ಹತ್ರ ಪಂಚರ್ ಹಾಕಿಸ್ಕೋತೀನಿ, ಹೋಗ್ಲಾ!” ಅಂತ ಇವಳು. ಅವನ ಟ್ರ್ಯಾಕ್ಟರಿನ ಸದ್ದಿಗಿಂತ ಇವಳ ಗಂಟಲು ಜೋರು. ಅವನು ತಿರುಗಿ ತಿರುಗಿ ನೋಡುತ್ತಾ ಹೋದ.

ಏರಿನಲ್ಲಿ ಅವಳ ಸೆರಗು ಚೈನಿಗೆ ಸಿಕ್ಕಿಕೊಂಡಿತು. ಸೈಕಲ್ಲು ಒಂದು ಕಡೆ, ನಾನೊಂದು ಕಡೆ. ಮಂಡಿ ತರಚಿತು, ಮಜ್ಜಿಗೆ ಉಳಿಯಿತು. ಅವಳು ಸೆರಗು ಎಳೆದು ನೋಡಿದಳು, ಬರಲಿಲ್ಲ. ಬುಟ್ಟಿಯಿಂದ ಕತ್ತರಿ ತೆಗೆದು, ಸಿಕ್ಕಿಕೊಂಡಿದ್ದ ತುಂಡನ್ನು ಕತ್ತರಿಸಿ ಚೈನಿಗೇ ಬಿಟ್ಟು, ಉಳಿದದ್ದನ್ನು ಸೊಂಟಕ್ಕೆ ಬಿಗಿದಳು. ನಾನಾಗಿದ್ದರೆ ಒಂದು ಗಳಿಗೆ ಆ ಸೀರೆಗಾಗಿ ಕೊರಗುತ್ತಿದ್ದೆ. ನೇಯ್ದವರ ಕಷ್ಟ ನೇಯುವವರಿಗೆ ಗೊತ್ತು. ಅವಳು ಆಗಲೇ ಪೆಡಲಿನ ಮೇಲೆ ಕಾಲಿಟ್ಟಿದ್ದಳು.

ಘಾಟಿ ರಸ್ತೆ ಬಿಟ್ಟು ಮಣ್ಣಿನ ದಾರಿ ಹಿಡಿದು, ದ್ರಾಕ್ಷಿ ತೋಟವೊಂದರ ಪಂಪ್‌ಸೆಟ್ಟಿನಲ್ಲಿ ತಲೆಗೆ ನೀರು ಹಾಕಿಕೊಂಡು, ಕೆರೆಯ ಏರಿ ಹತ್ತುವಾಗ ಹೊತ್ತು ನೆತ್ತಿಗೆ ಬಂದಿತ್ತು. ಕೆರೆಯಲ್ಲಿ ನೀರು ಅರ್ಧಕ್ಕಿಂತ ಕಡಿಮೆ. ಅಂಚಿನಲ್ಲೆಲ್ಲ ಕೆಸರು ಬಿರಿದು ಹೆಂಚು ಹಾಸಿದ ಹಾಗಿತ್ತು. ನಡುವೆ ಜಾಲಿ ಬೆಳೆದ ದಿಬ್ಬ, ಅದರ ಮೇಲೆ ನಾಲ್ಕು ಕಂಬದ ಒಂದು ಮಂಟಪ, ಸುತ್ತ ನೆಟ್ಟ ಕಲ್ಲುಗಳು. ಅದೇ ನಡುಗಡ್ಡೆ. ಎಮ್ಮೆ ಕಾಯುತ್ತಿದ್ದ ಒಬ್ಬ ಮುದುಕ ಮರದ ಬುಡದಲ್ಲಿ ಕೂತಿದ್ದ.

“ಎಲ್ಲಿಂದ ಬಂದ್ರವ್ವ, ಈ ಉರಿಬಿಸ್ಲಲ್ಲಿ?”

“ಬಳ್ಳಾಪುರದಿಂದ. ಮಾಸ್ತಿಕಲ್ಲು ನೋಡೋಕೆ.”

“ಸೈಕಲ್ಲಲ್ಲಾ?” ಅವನು ನನ್ನನ್ನು ನೋಡಿದ, ಸೈಕಲ್ಲನ್ನು ನೋಡಿದ, ಸೈಕಲ್ಲಿನ ಬಗ್ಗೆಯೇ ಮರುಗಿದ ಹಾಗೆ ಕಂಡಿತು. “ನೀರು ಮೊಣಕಾಲುದ್ದ ಐತೆ. ನನ್ನ ಹಿಂದೇನೇ ಬನ್ನಿ, ಹೂಳು ಕಾಲು ಹಿಡೀತದೆ.”

ಸೈಕಲ್ಲನ್ನು ಮರಕ್ಕೆ ಒರಗಿಸಿ, ಸೀರೆ ಎತ್ತಿ ಕಟ್ಟಿ, ಅವನ ಹಿಂದೆ ಹೋದೆವು. ನೀರು ಮೇಲೆ ಬಿಸಿ, ಕೆಳಗೆ ತಣ್ಣಗೆ. ದಡ ಹತ್ತಿದಾಗ ಕಾಲಿಗೆ ಹೂಳು ಬೂಟಿನ ಹಾಗೆ ಮೆತ್ತಿತ್ತು.

ಮಂಟಪದ ಒಳಗೆ ಆಡಿನ ಹಿಕ್ಕೆ. ಹೊರಗೆ ಐದಾರು ವೀರಗಲ್ಲುಗಳು. ಬಿಲ್ಲು ಹಿಡಿದವನು, ಕುದುರೆ ಹತ್ತಿದವನು, ದನ ಕಾಯಲು ಹೋಗಿ ಸತ್ತವನು ಅಂತ ಮುದುಕ ಒಂದೊಂದನ್ನೂ ತನ್ನ ನೆಂಟನ ಹಾಗೆ ತೋರಿಸಿದ. ಎಷ್ಟು ಹಳೆಯವು ಅಂತ ಕೇಳಿದೆ. “ನಮ್ಮಜ್ಜನ ಅಜ್ಜನೂ ಹಳೇವು ಅಂತಿದ್ನಂತೆ” ಅಂದ. ಸ್ವಲ್ಪ ಆಚೆ, ಜಾಲಿಮರವೂ ಇಲ್ಲದ ಜಾಗದಲ್ಲಿ, ಒಂಟಿಯಾಗಿ ಒಂದು ಕಲ್ಲು. ಅದರಲ್ಲಿ ಮುಖ ಇರಲಿಲ್ಲ. ಮೈಯೂ ಇರಲಿಲ್ಲ. ಒಂದು ಕಂಬ, ಕಂಬದಿಂದ ಹೊರಟ ಒಂದು ಕೈ, ಕೈತುಂಬ ಬಳೆ. ಅಷ್ಟೇ.

“ಇವಳ ಹೆಸರೇನಜ್ಜ?” ಅಂತ ಅಕ್ಕ ಕೇಳಿದಳು.

“ಹೆಸರು ಯಾರ್ ಮಡಿಕ್ಕೊಂಡವ್ರೆ ತಾಯಿ? ಮಾಸ್ತಮ್ಮ ಅಂತೀವಿ.”

“ನಮ್ಮಣ್ಣ ಇವಳು ನಮ್ಮ ವಂಶದೋಳು ಅಂತಾನೆ.”

ಮುದುಕ ನಕ್ಕ. “ಅನ್ನಲಿ ಬಿಡವ್ವ. ಹೋದ ಸುಗ್ಗಿಲಿ ಜೀಪಲ್ಲಿ ಒಂದು ಸಂಸಾರ ಬಂದಿತ್ತು, ನಮ್ಮೋಳು ಅಂತ ಕುಂಕುಮ ಹಾಕಿ ಫೋಟೋ ಹಿಡ್ಕೊಂಡು ಹೋದ್ರು. ಆಚೆ ಊರಿನ ಪಟೇಲ್ರೂ ನಮ್ಮೋಳು ಅಂತಾರೆ. ಇಷ್ಟು ಜನ ನೆಂಟ್ರಿರೋ ಹೆಂಗ್ಸು, ನೋಡು, ಬಿಸ್ಲಲ್ಲಿ ಒಬ್ಳೇ ನಿಂತವ್ಳೆ.”

ಅಕ್ಕ ಕಲ್ಲಿನ ಎದುರು ಹೋಗಿ ನಿಂತಳು. ಅವಳು ಹೆದರಿದ್ದಾಳೆ ಅಂತ ನನಗೆ ಆಗ ಗೊತ್ತಾಯಿತು. ಅಣ್ಣ ಹೇಳಿದ ಹಾಗೆ ಆ ಕಲ್ಲಿನ ಮುಖ ನೋಡಿದರೆ ತಾನು ಸೋತು ಹೂಂ ಅಂದುಬಿಡುತ್ತೇನೇನೋ ಅಂತ ದಾರಿಯುದ್ದಕ್ಕೂ ಹೆದರಿಕೊಂಡೇ ತುಳಿದಿದ್ದಳು. ನೋಡಿದರೆ ಕಲ್ಲಿಗೆ ಮುಖವೇ ಇಲ್ಲ.

“ಕೈ ಯಾಕಂಗೆ ಎತ್ತವ್ಳೆ?” ಅಂದೆ ನಾನು.

“ಹರಸ್ತಾವ್ಳೆ” ಅಂದ ಮುದುಕ. “ಗಂಡನ ಜೊತೆ ಹೋಗುವಾಗ ಕೈಯೆತ್ತಿ ಊರೋರ್ಗೆಲ್ಲ ಹರಸಿ ಹೋದ್ಲಂತೆ.”

ಅಕ್ಕ ನನ್ನ ಕಡೆ ತಿರುಗಿದಳು. ಮೊಣಕೈ ಮಡಿಸಿ, ಅಂಗೈ ಬಿಚ್ಚಿ, ಕೈ ಮೇಲಕ್ಕೆತ್ತಿದಳು. ಪಕ್ಕದಲ್ಲಿ ಕಲ್ಲಿನ ಕೈ, ಇತ್ತ ಇವಳ ಕೈ. ಎರಡೂ ಒಂದೇ.

“ಮೋಟರ್ ಆರ್ಸು ಅಂತಾವ್ಳೆ ಕಣೇ!” ಅಂತ ಕಿರುಚಿದಳು.

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಕಲ್ಲು ಹಿಡಿದುಕೊಂಡು ನಕ್ಕಳು. ಇಬ್ಬರು ವಯಸ್ಸಾದ ಹೆಂಗಸರು, ಮೊಣಕಾಲವರೆಗೆ ಕೆಸರು, ನೆತ್ತಿಯ ಮೇಲೆ ಸೂರ್ಯ, ಸತ್ತವಳ ಕಲ್ಲಿನ ಮುಂದೆ ಹಲ್ಲು ಕಿರಿಯುತ್ತಿದ್ದೇವೆ. ಬಿಸಿಲಿಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು, ಮುದುಕ ಎಮ್ಮೆ ನೋಡುವ ನೆಪದಲ್ಲಿ ಆಚೆ ಹೋದ.

ನಗು ನಿಂತ ಮೇಲೆ ಅವಳು ಆ ಕೈಯ ಬಳೆಗಳ ಮೇಲಿನ ಹಕ್ಕಿಯ ಹಿಕ್ಕೆಯನ್ನು ಸೆರಗಿನಿಂದ ಒರೆಸಿದಳು.

“ಪಾಪ. ಕೈ ಎತ್ತಿದ್ರೂ ಇತ್ತ ನೋಡ್ದೋರು ಒಬ್ರೂ ಇರ್ಲಿಲ್ಲ ಅನ್ಸುತ್ತೆ.”

ಅವಳ ಬಾಯಲ್ಲಿ ‘ಪಾಪ’ ಅನ್ನುವ ಮಾತು ನಾನು ಕೇಳಿದ್ದು ಅದೊಂದೇ ಸಲ.

ಈಗ ನನ್ನ ಮೊಮ್ಮಗಳು ಹೇಳುತ್ತಾಳೆ, ಅಂಥ ಕಲ್ಲುಗಳಲ್ಲೆಲ್ಲ ಕೈ ಹಾಗೇ ಇರುತ್ತದಂತೆ, ಅದು ಹರಸುವ ಕೈಯೇ ಅಂತೆ. ಇರಲಿ. ನಾವು ಮಗ್ಗದವರು, ನಮಗೆ ಹಾಗೆ ಕಂಡಿತು.

ಮಂಟಪದ ನೆರಳಿನಲ್ಲಿ ರೊಟ್ಟಿ ತಿಂದೆವು. ಮುದುಕನಿಗೂ ಕೊಟ್ಟೆವು. ವಾಪಸು ಬರುವಾಗ ಅವಳಿಗೆ ತುಳಿಯಲು ಕಾಲಲ್ಲಿ ಕಸುವಿರಲಿಲ್ಲ. ಸೈಕಲ್ಲು ತಳ್ಳಿಕೊಂಡು ಇಬ್ಬರೂ ನಡೆದೆವು. ಮಗ್ಗವಿಲ್ಲದ ಬಯಲಿನಲ್ಲಿ ನಮ್ಮ ಚಪ್ಪಲಿಯ ಸದ್ದು ನಮಗೇ ಹೊಸದಾಗಿತ್ತು.

“ಹೋಗಲ್ಲ ಕಣೇ” ಅಂದಳು ಕೊನೆಗೆ. “ಆದ್ರೆ ಒಂದು ಮಾತು ಕೇಳ್ಬೇಕಿತ್ತು ಅವನ್ನ.”

“ಏನು?”

“ಯಾಕೆ ಹೋದೆ ಅಂತ. ನಾನೇನು ಮಾಡ್ದೆ ಅಂತ. ಬೈಯೋಕಲ್ಲ, ಸುಮ್ನೆ ತಿಳ್ಕೊಳೋಕೆ. ಇವತ್ತೂ ರೊಟ್ಟಿ ತಟ್ಟುವಾಗ ನೆನಪಾಗುತ್ತೆ, ಎರಡನೇ ಸಲ ಚಟ್ನಿ ಕೇಳಿ ಹಾಕಿಸ್ಕೊಂಡ. ಹೋಗೋನು ಯಾರಾದ್ರೂ ಚಟ್ನಿ ಕೇಳ್ತಾರಾ?”

“ಹೋಗಿ ಕೇಳ್ಬಿಟ್ಟು ಬಂದ್ಬಿಡು ಹಂಗಾದ್ರೆ.”

“ಹೋದ್ರೆ ಬರಕ್ಕಾಗುತ್ತಾ? ಬಿದ್ದಿರೋನ ಬಾಯಿಗೆ ನೀರು ಬಿಡದೆ ‘ಯಾಕೆ ಹೋದೆ’ ಅಂತ ಕೇಳಕ್ಕಾಗುತ್ತಾ? ನೀರು ಬಿಟ್ರೆ ಆಮೇಲೆ ಅಲ್ಲೇ. ಕೋಣೆ ಹೋಯ್ತು, ಕೆಲಸ ಹೋಯ್ತು, ಸೈಕಲ್ ಹೋಯ್ತು.”

ನನಗೆ ಒಳಗೊಳಗೆ ಸಮಾಧಾನವಾಗಿತ್ತು. ಇವಳು ಇಲ್ಲೇ ಇರುತ್ತಾಳೆ ಅಂತ.

ಭಾನುವಾರ ಅವಳು ಅಣ್ಣನ ಮುಂದೆ ನಿಂತು ಹೇಳಿದಳು. ನಾನು ಬಾಗಿಲ ಹತ್ತಿರವಿದ್ದೆ.

“ನೋಡ್ಕೊಂಡ್ ಬಂದೆ ಅಣ್ಣ. ಅವಳಿಗೆ ಮುಖಾನೇ ಇಲ್ಲ. ನಾನು ಹೋಗಲ್ಲ.”

“ಜನ ಏನಂತಾರೆ?”

“ಅನ್ನಲಿ. ಇಪ್ಪತ್ತು ವರ್ಷದಿಂದ ಅಂತಾನೇ ಅವ್ರೆ.”

ಅಣ್ಣ ಕೂಗಾಡಲಿಲ್ಲ. ಫೋನು ಬಂದಾಗ ಏನು ಹೇಳಿದನೋ, ಗೊತ್ತಿಲ್ಲ. ಮುಂದಿನ ವಾರ ಗಾರೆಯವನೊಬ್ಬ ಬಂದು, ಅವಳ ಕೋಣೆಗೂ ನಡುಮನೆಗೂ ಇದ್ದ ಬಾಗಿಲು ಕಿತ್ತು ಆ ಜಾಗಕ್ಕೆ ಇಟ್ಟಿಗೆ ಕಟ್ಟಿದ. ಅವಳು ಮನೆಯಲ್ಲೇ ಇದ್ದಳು. ಸಿಮೆಂಟು ಕಲಸಲು ಅವನಿಗೆ ನೀರು ತಂದುಕೊಟ್ಟವಳೂ ಅವಳೇ. “ಸಾಕಾ, ಇನ್ನೊಂದು ಬಿಂದಿಗೆ ತರ್ಲಾ?” ಅಂತ ಕೇಳುತ್ತಿದ್ದಳು. ಅದುವರೆಗೆ ಹಬ್ಬದ ದಿನ ಅತ್ತಿಗೆ ಆ ಬಾಗಿಲಿನಿಂದ ಒಂದು ತಟ್ಟೆ ಒಬ್ಬಟ್ಟು ದೂಡುತ್ತಿದ್ದಳು. ಆಮೇಲೆ ಅದೂ ಇಲ್ಲ. ಗೋಡೆಗೆ ಸುಣ್ಣ ಬಳಿಯಲು ನಾನೇ ಹೋಗಿದ್ದೆ. ಎಷ್ಟು ಬಳಿದರೂ ಬಾಗಿಲಿನ ಆಕಾರ ಕಾಣುತ್ತಲೇ ಇತ್ತು.

ಧರ್ಮಾವರದಲ್ಲಿ ಗಂಡ ಸತ್ತದ್ದನ್ನು ಅಣ್ಣ ಅವಳಿಗೆ ಹೇಳಲಿಲ್ಲ. ತಿಂಗಳುಗಳಾದ ಮೇಲೆ ಧರ್ಮಾವರದ ಸೀರೆ ವ್ಯಾಪಾರಿಯೊಬ್ಬ ನಮ್ಮ ಮನೆಗೆ ಬಂದವನು ಮಾತಿನ ನಡುವೆ ಹೇಳಿದ, ಇವಳು ಯಾರು ಅಂತ ಗೊತ್ತಿಲ್ಲದೆ. ಅವಳು ನನ್ನ ಮಗ್ಗದ ಹತ್ತಿರ ಕೂತಿದ್ದಳು.

“ಆಗ್ಲಿ, ಮುಂದೆ?” ಅಂದಳು.

“ಮುಂದೇನಮ್ಮ, ಮಣ್ಣು ಮಾಡಿದ್ರು” ಅಂದ ಅವನು.

ಅವಳು ಆ ಅಚ್ಚು ಪೂರ್ತಿ ಕೆಚ್ಚಿ ಮುಗಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ ಕೈಗೆ ಸೋಪು ಹಚ್ಚಿ ಬಳೆಗಳನ್ನು ಒಂದೊಂದಾಗಿ ಬಿಚ್ಚಿದಳು. ಒಡೆಯಲು ಬೀದಿಯ ಹೆಂಗಸರು ಯಾರೂ ಬಂದಿರಲಿಲ್ಲ, ಅವಳು ಕರೆಯಲೂ ಇಲ್ಲ. ನಾನು ಕಾಫಿ ಕೊಟ್ಟೆ. ಅತ್ತಳೋ ಅಂತ ಕೇಳಿದರೆ, ನನಗೆ ಕಾಣಲಿಲ್ಲ.

ಆ ವರ್ಷಗಳಲ್ಲಿ ಅವಳು ನನಗೆ ಸೈಕಲ್ ಕಲಿಸಿದಳು. ಕರೆಂಟಿಲ್ಲದ ದಿನಗಳಲ್ಲಿ, ಸಂತೆ ಮೈದಾನದಲ್ಲಿ. ನನ್ನ ವಯಸ್ಸಿಗೆ ನಾಚಿಕೆ ಅನ್ನಬೇಕಿತ್ತು. “ನಿನ್ನನ್ನ ಹೊರೋಕೆ ಇನ್ನು ನನ್ನ ಕೈಲಾಗಲ್ಲ, ನೀನೇ ನಿನ್ನ ಹೊತ್ಕೋ” ಅಂದಳು. ಬಿದ್ದೆ, ಎದ್ದೆ, ಕಲಿತೆ. ನೂಲಿನ ಅಂಗಡಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಯಾರನ್ನೂ ಕೇಳದೆ ಹೋಗಿಬರುವವಳಾದೆ.

ಆಮೇಲೆ ಆ ಹುಡುಗ ಬಂದ. ಹುಡುಗ ಅಂದರೆ ಅಷ್ಟು ಹೊತ್ತಿಗೆ ಮೀಸೆ ಬಂದ ಗಂಡಸು. ಅವಳ ಗಂಡನ ಮಗ. ಮಗ್ಗದ ಬಿಡಿಭಾಗ ಕೊಳ್ಳಲು ಊರಿಗೆ ಬಂದವನು ವಿಚಾರಿಸಿಕೊಂಡು ನನ್ನ ಮನೆಗೇ ಬಂದ, ಅವಳು ಅಲ್ಲಿದ್ದಳು ಅಂತ. ಕಾಲಿಗೆ ಬಿದ್ದ. “ಪೆದ್ದಮ್ಮಾ” ಅಂದ, ದೊಡ್ಡಮ್ಮಾ ಅಂತ. ಅರ್ಧ ತೆಲುಗು, ಅರ್ಧ ಕನ್ನಡ. ಅವಳು ತಟ್ಟೆ ಹಾಕಿ ಅನ್ನ ಬಡಿಸಿದಳು. ಅವನು ಉಣ್ಣುವುದನ್ನೇ ನೋಡುತ್ತಿದ್ದು, ಮಜ್ಜಿಗೆ ಹಾಕುವಾಗ ಕೇಳಿದಳು:

“ನಿಮ್ಮಪ್ಪ ಎಂಥೋರಪ್ಪ?”

ಅವನು ಕೈ ನಿಲ್ಲಿಸಿದ. ಬೈಗುಳ ಕೇಳಲು ತಯಾರಾಗಿ ಬಂದಿದ್ದವನು, ಈ ಪ್ರಶ್ನೆಗೆ ತಯಾರಾಗಿರಲಿಲ್ಲ.

“ಒಳ್ಳೆಯೋರು ಪೆದ್ದಮ್ಮ.”

“ಆಗ್ಲಿ, ಮುಂದೆ?”

“ನನ್ನ ಮೇಲೆ ಒಂದ್ ದಿನಾನೂ ಕೈ ಎತ್ಲಿಲ್ಲ. ಮಳೆ ಬಂದ್ರೆ ಭುಜದ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಬಿಡ್ತಿದ್ರು. ಅಮ್ಮಂಗೆ ದಿನಾ ಮಲ್ಲಿಗೆ ತರ್ತಿದ್ರು.”

“ದಿನಾನಾ?”

“ದಿನಾ.”

“ನನ್ನ ಮಾತು ಆಡ್ತಿದ್ರಾ?”

ಅವನು ತಟ್ಟೆ ನೋಡಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೆ ಅವನ ಮೇಲೆ ನನಗೆ ಗೌರವವಿದೆ. “ಇಲ್ಲ ಪೆದ್ದಮ್ಮ. ಕಾಯಿಲೆ ಬೀಳೋವರೆಗೂ ನೀವು ಇದ್ದೀರಿ ಅಂತಾನೇ ನಂಗೆ ಗೊತ್ತಿರ್ಲಿಲ್ಲ.”

“ಸರಿ, ಉಣ್ಣು” ಅಂದಳು.

ಬಸ್ ಸ್ಟ್ಯಾಂಡಿನವರೆಗೆ ಅವನ ಜೊತೆ ಸೈಕಲ್ ತಳ್ಳಿಕೊಂಡು ಹೋಗಿ ಬಂದಳು. ಬಂದು ಮಗ್ಗದ ಪಕ್ಕದ ಕಟ್ಟೆಯ ಮೇಲೆ ಕೂತಳು. ಮಗ್ಗಗಳು ಓಡುತ್ತಿದ್ದವು. ಅವಳು ಏನೋ ಹೇಳಿದಳು, ನನಗೆ ಕೇಳಲಿಲ್ಲ. ನಾನು ಹೋಗಿ ಎರಡೂ ಮೋಟರ್ ಆರಿಸಿ ಬಂದೆ.

“ಏನಂದೆ?”

“ಕೆಟ್ಟೋನಾಗಿದ್ದಿದ್ರೆ ಚೆನ್ನಾಗಿತ್ತು ಕಣೇ.”

ಇಷ್ಟು ಹೇಳಿ ಎಲೆಅಡಿಕೆ ಚೀಲ ಬಿಚ್ಚಿದಳು. ಸುಣ್ಣ ಹಚ್ಚಿದಳು, ಮಡಿಸಿದಳು, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಇಟ್ಟುಕೊಂಡು ಕೂತಿದ್ದಳು. ನಾನು ಏನನ್ನಬೇಕಿತ್ತು? ಒಳ್ಳೆಯವನೊಬ್ಬನಿಗೆ ತಾನು ಬೇಡವಾಗಿದ್ದೆ ಅಂತ ತಿಳಿದ ಹೆಂಗಸಿಗೆ ಹೇಳುವ ಮಾತು ನನಗೆ ಇವತ್ತಿಗೂ ಗೊತ್ತಿಲ್ಲ.

ಅದಾಗಿ ಒಂದೆರಡು ವರ್ಷಕ್ಕೆ ಅವಳಿಗೆ ಎದೆಯಲ್ಲಿ ನೀರು ತುಂಬಿತು. ಮಗ್ಗದ ಧೂಳು ಅಂದರು ಡಾಕ್ಟರು. ಕೆಲಸ ಬಿಟ್ಟಳು. ನಾನು ದಿನಾ ಸೈಕಲ್ಲಿನಲ್ಲಿ ಅವಳ ಕೋಣೆಗೆ ಗಂಜಿ ಒಯ್ಯುತ್ತಿದ್ದೆ. ಒಂದು ಸಾಯಂಕಾಲ ಕೇಳಿದಳು:

“ಅವತ್ತು ಹೋಗಿದ್ದಿದ್ರೆ ಏನಾಗ್ತಿತ್ತು ಅಂತೀಯಾ?”

“ಹೇಲು ಉಚ್ಚೆ ಬಾಚ್ತಿದ್ದೆ.”

“ಅಷ್ಟೇನಾ?”

“ಅಷ್ಟೇ.”

ಅವಳು ನಕ್ಕಳು, ನಗು ಕೆಮ್ಮಾಯಿತು. ಬೆನ್ನು ನೀವಿದೆ. “ಸರಿ ಹಂಗಾದ್ರೆ” ಅಂದಳು. ಆ ವಾರದಲ್ಲೇ ಹೋದಳು. ಬೆಳಿಗ್ಗೆ ನಾನು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಮೈ ತಣ್ಣಗಿತ್ತು. ಅಣ್ಣನ ಮನೆಯವರು ಬಂದರು, ಅತ್ತರು, ಎಲ್ಲವನ್ನೂ ಕ್ರಮವಾಗಿ ಮಾಡಿದರು. ತಪ್ಪು ಹೇಳಬಾರದು.

ಅವಳು ಕೇಳಿದಾಗ ಅಷ್ಟೇ ಅಂದುಬಿಟ್ಟೆ ನಾನು. ಅಷ್ಟೇ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಹೋಗಿದ್ದರೆ ಅವನು ಉಸಿರಿರುವಾಗ ‘ಯಾಕೆ ಹೋದೆ’ ಅನ್ನುವುದಕ್ಕೆ ಉತ್ತರವನ್ನು ಅವನ ಬಾಯಿಂದಲೇ ಕೇಳುತ್ತಿದ್ದಳೋ ಏನೋ. ಹೋಗಬೇಡ ಅಂದವಳು ನಾನು. ಇವತ್ತು ಕೇಳಿದರೂ ಹೋಗಬೇಡ ಅಂತಲೇ ಹೇಳುತ್ತೇನೆ. ಅವಳು ಉಳಿದದ್ದರಿಂದ ನನಗೆ ಅಷ್ಟು ವರ್ಷ ಒಬ್ಬಳು ಜೊತೆಯಿದ್ದಳು. ಅವಳಿಗೆ ಅದರಿಂದ ಅಣ್ಣನ ಮನೆಯ ಬಾಗಿಲು ಮುಚ್ಚಿತು, ಆ ಉತ್ತರವೂ ಸಿಗಲಿಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವಳು ಅದನ್ನು ಒಂದು ದಿನವೂ ನನಗೆ ಎತ್ತಿ ಆಡಲಿಲ್ಲ.